ಅತ್ತೆಯ ಕಾರಿಗೆ ಹನ್ನೊಂದು ಪಾಲು ಗಾಳಿ

ನಮ್ಮ ಸೋದರತ್ತೆ ಅರವತ್ತು ವರ್ಷದ ಬಾಳಿನಲ್ಲಿ ಒಂದು ದಿನವೂ ಅಳತೆ ನೋಡಿ ಸಾರಿಗೆ ಉಪ್ಪು ಹಾಕಿದವಳಲ್ಲ. ಒಂದು ದಿನ ಸಮುದ್ರ, ಮರುದಿನ ಬರೀ ಬಿಸಿನೀರು! ಆದರೆ ಅವಳ ಕಾರಿಗೆ ಮಾತ್ರ ಹನ್ನೊಂದು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್. ಅದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮನೆಯಲ್ಲಿ ಸೂತಕ! ಇಂಥವಳನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ಬನಹಟ್ಟಿಗೆ ಬನ್ನಿ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಅವಳೇ.

ವಿದ್ಯುತ್ ಮಗ್ಗಗಳ ರಿಪೇರಿ ಅವಳ ಕಸುಬು. ಮಿಸ್ತ್ರಿಗಳೆಲ್ಲ ಕೈಬಿಟ್ಟ ಮಗ್ಗವನ್ನು ಅವಳು ಬೈದು ಬೈದೇ ನಡೆಸುತ್ತಾಳೆ ಎಂದು ಊರಲ್ಲಿ ಪ್ರತೀತಿ. ಹೀಗೆ ರಿಪೇರಿಗೆಂದು ಮುಧೋಳಕ್ಕೆ ಹೋದಾಗ, ಅಲ್ಲಿಯ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ, ಯಾರೋ ಷೋಕಿಗೆ ತರಿಸಿ ಬಿಟ್ಟುಹೋದ ಎರಡು ಬಾಗಿಲಿನ ಜಪಾನಿ ಕಾರು ಕಣ್ಣಿಗೆ ಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅತ್ತೆ ಬಾನೆಟ್ ಎತ್ತಿ ನೋಡಿದಳು. ಅಷ್ಟೇ! ಮರುವಾರ ತನ್ನ ಎರಡು ಹಳೆಯ ಮಗ್ಗ ಅವರಿಗೆ ಕೊಟ್ಟು, ಕಾರು ಎಳೆಸಿಕೊಂಡು ಮನೆಗೆ ಬಂದಳು.

“ಎರಡ ಮಗ್ಗಾ ಕೊಟ್ಟು ಕೋಳಿಗೂಡ ತಂದ್ಯಲ್ಲ!” ಎಂದು ಅವಳ ಗಂಡ, ನಮ್ಮ ಮಾಮಾ, ತಲೆಯ ಮೇಲೆ ಕೈ ಹೊತ್ತರು.

“ಕೋಳಿ ಅಲ್ಲೇ ಬಿಟ್ಟ ಬಂದೇನ್ರಿ. ಬರೇ ಗೂಡ ತಂದೇನಿ,” ಎಂದು ಅತ್ತೆ ಸಮಾಧಾನ ಹೇಳಿದಳು.

ಬೀಳಗಿಯಲ್ಲಿ ಮಾಸ್ತರಿಕೆ ಮಾಡುವ ನಾನು ಭಾನುವಾರ ಅವಳ ಮನೆಗೆ ಹೋಗುವವನು. ನನಗೆ ಆ ಎಂಜಿನ್ನಿನ ಪಾಠವಾದದ್ದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ. ಅತ್ತೆ ತಟ್ಟೆಯಿಂದ ಒಂದು ಸಮೋಸಾ ಎತ್ತಿ ಹಿಡಿದಳು.

“ನೋಡಲೇ, ಇದರಾಗ ಪಿಸ್ಟನ್ನ ಇಲ್ಲ. ಇಂಥಾ ಮೂರ ಮೂಲಿ ಸಮೋಸಾ ಡಬ್ಬಿಯೊಳಗ ಗರಗರ ತಿರಗತೈತಿ. ಮೂಲಿಗೊಂದು ಸಣ್ಣ ಪಟ್ಟಿ. ಟರ್ಬೊ ಅಂದ್ರ ಹೊಗಿ ಜೋರಿಗೆ ತಿರಗೋ ಫ್ಯಾನ. ಅದು ಗಾಳಿ ಒತ್ತಿ ತುಂಬತೈತಿ. ಆವಾಗ ಪೆಟ್ರೋಲ್ ಕಡಿಮಿ ಬಿತ್ತಂದ್ರ ಒಳಗ ಬಾಂಬ್ ಹೊಡದಂಗ ಹೊಡೀತೈತಿ. ಪಟ್ಟಿ ಮುರೀತು, ಕಥಿ ಮುಗೀತು!”

ಉದಾಹರಣೆಗೆಂದು ಸಮೋಸಾ ಹಿಚುಕಿ ಪುಡಿ ಮಾಡಿದಳು. ಅದು ನನ್ನ ಸಮೋಸಾ!

ವಿಡಿಯೊ ನೋಡಿ, ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ವರ್ಷದ ಮೇಲೆ ಎಂಜಿನ್ ಮಾತಾಡಿತು. ಪರೀಕ್ಷೆಗೆ ಹುನ್ನೂರಿನ ಹತ್ತಿರದ ಒಂದು ಬಡಾವಣೆ ಸಿಕ್ಕಿತು. ರಸ್ತೆ ಹಾಕಿದ್ದಾರೆ, ಒಂದು ಮನೆಯೂ ಎದ್ದಿಲ್ಲ. ಮಾಲೀಕರನ್ನು ಕೇಳಿ, ಎರಡೂ ತುದಿಗೆ ಹಗ್ಗ ಕಟ್ಟಿಸಿದೆವು. ಎಂಜಿನ್ನಿಗೆ ಜೋಡಿಸಿದ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲಿ ಅತ್ತೆ, ಸ್ಟೀರಿಂಗ್ ಹಿಡಿಯುವವನು ನಾನು. ಏಕೆಂದರೆ ಇಷ್ಟೆಲ್ಲ ಬಲ್ಲ ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ!

“ಮೊದಲ ಪೆಟ್ರೋಲ್ ಧಾರಾಳ, ಕಿಡಿ ಸ್ವಲ್ಪ ತಡಾ, ಟರ್ಬೊ ಒತ್ತಡ ಕಡಿಮಿ. ಒಮ್ಮಿಗೆ ಒಂದ ಬದಲಿ ಮಾಡೂದು. ಪೆಟ್ರೋಲ್ ಒಂದಕ್ಕ ಗಾಳಿ ಎಷ್ಟ ಅಂತ ತೋರಸೋ ಮೀಟರ್ ಹನ್ನೆರಡರ ಕಡೆ ಹೊಂಟಿತು ಅಂದ್ರ ನಾ ‘ಬಿಡು’ ಅಂತೇನಿ. ನೀ ಕಾಲ ತಗೀಬೇಕು. ಯಾಕ, ಏನ ಅಂತ ಕೇಳಬಾರದು.”

ಮೊದಲ ದಿನ ಕಾರು ಕರಿಹೊಗೆ ಕಾರುತ್ತ, ಢಂ ಢಂ ಎಂದು ಸದ್ದು ಮಾಡುತ್ತ ಓಡಿತು. ಬದಿಯಲ್ಲಿ ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲು! ಕುರಿಗಾಹಿ ಕೋಲು ಊರಿಕೊಂಡು ಬಂದ.

“ಯಕ್ಕಾ, ಇದಕ್ಕ ಹೊಟ್ಟಿ ಕೆಟ್ಟೈತೇನ ಬೇ?”

“ಇಲ್ಲೋ ತಮ್ಮಾ, ಉಂಡದ್ದ ಹೆಚ್ಚಾಗೈತಿ. ತೇಗಾಕತ್ತೈತಿ.”

ಆತ ಕುರಿಗಳನ್ನು ಆಚೆ ಹೊಲಕ್ಕೆ ಹೊಡೆದುಕೊಂಡು ಹೋದ. ಹೋಗುವಾಗ ಕಾರಿಗೆ ಅಜವಾನ ತಿನ್ನಿಸಲು ಸಲಹೆ ಕೊಟ್ಟ!

ವಾರವಾರವೂ ಅತ್ತೆ ಪೆಟ್ರೋಲನ್ನು ಚೂರುಚೂರೇ ತಗ್ಗಿಸಿದಳು. ಹೊಗೆ ನಿಂತಿತು, ತೇಗು ನಿಂತಿತು. ಮೀಟರು ಹನ್ನೊಂದರಲ್ಲಿ ಗಟ್ಟಿಯಾಗಿ ಕೂತಿತು. ಆಮೇಲೆ ಟರ್ಬೊ ಒತ್ತಡವನ್ನು ಒಂದು ಮೆಟ್ಟಿಲು ಏರಿಸಿದಳು. ನಾನು ಮೂರನೇ ಗೇರಿನಲ್ಲಿ ಪೆಡಲ್ ಒತ್ತಿದೆ. ಅಬ್ಬಾ! ಬೆನ್ನು ಸೀಟಿಗೆ ಅಂಟಿತು. ಜೀವಮಾನವಿಡೀ ಬೀಳಗಿಯ ಬಸ್ಸಿನಲ್ಲಿ ಜೋತಾಡಿದ ಮನುಷ್ಯ ನಾನು, ಮೊದಲ ಸಲ ಹಾರುತ್ತಿದ್ದೆ!

“ಬಿಡು!”

ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಕ್ಷಣ ಹಾರಿಬಿಡೋಣ ಎಂದು ಕಾಲು ತೆಗೆಯಲಿಲ್ಲ.

“ಬಿಡಲೇ, ಬಿಡು!”

ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಿಸಿದಂಥ ಸದ್ದು. ಆಮೇಲೆ ಕಾರು ಕುಂಟುತ್ತ ಕುಂಟುತ್ತ ನಿಂತಿತು. ಅತ್ತೆ ಲ್ಯಾಪ್‌ಟಾಪ್ ಬದಿಗಿಟ್ಟಳು. “ನಿನಗೇನರ ಆತೇನ?” ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

ಕಬ್ಬಿನ ಟ್ರ್ಯಾಕ್ಟರ್ ನಮ್ಮನ್ನು ಎಳೆದುಕೊಂಡು ಬನಹಟ್ಟಿ ಪೇಟೆಯ ನಡುವೆ ಹಾಯ್ದಾಗ ಅಂಗಡಿಯವರೆಲ್ಲ ಎದ್ದುನಿಂತು ನೋಡಿದರು. ನನಗೆ ಅದರ ಚಿಂತೆ ಇರಲಿಲ್ಲ. ನನ್ನ ಕಾಲು ಎಷ್ಟು ಹೊತ್ತು ಪೆಡಲ್ ಒತ್ತಿತ್ತು ಎಂಬುದೆಲ್ಲ ಲ್ಯಾಪ್‌ಟಾಪಿನಲ್ಲಿ ದಾಖಲಾಗಿತ್ತು!

ಬಾಗಿಲಲ್ಲೇ ಮಾಮಾ ಕೇಳಿದರು: “ಏನಾತು?”

ನಾನು ಬಾಯಿ ತೆರೆದೆ. ಅತ್ತೆ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಿಗೆ ಇಟ್ಟುಕೊಂಡಳು.

“ಎಂಜಿನ್ನಿಗೆ ಪೆಟ್ರೋಲ್ ತಳ್ಳೋ ಪಂಪಿನ ದಮ್ಮ ಸಾಲಲಿಲ್ಲರಿ. ಒತ್ತಡ ಏರಿಸೂಕಿಂತ ಮೊದಲ ನಾ ಅದನ್ನ ನೋಡಬೇಕಿತ್ತು. ನಂದ ತಪ್ಪ.”

ಅದು ಅರ್ಧ ಖರೆ. ಉಳಿದರ್ಧ ಹೇಳದೆಯೇ ನಾನು ಬೀಳಗಿಯ ಬಸ್ಸು ಹತ್ತಿದೆ. ನಾಲ್ಕು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಐದನೆಯ ವಾರ ಅವಳೇ ಫೋನ್ ಮಾಡಿದಳು: “ಮಾಸ್ತರ್, ನಟ್ಟು ಬಿಗಿಯೋ ಪಾನಾ ಹಿಡ್ಯಾಕ ಆಳ ಬೇಕಾಗೈತಿ. ಬರ್ತೀಯೋ, ರಜಾ ಅರ್ಜಿ ಕೊಡ್ತೀಯೋ?”

ಹೋದೆ. ಹೊಸ ಪಟ್ಟಿ, ಹೊಸ ಪಂಪು ಹಾಕಲು ನಾಲ್ಕು ತಿಂಗಳು ಹಿಡಿಯಿತು. ಪೆಟ್ರೋಲ್ ಕಡಿಮೆ ಬಿದ್ದರೆ ಟರ್ಬೊ ಒತ್ತಡ ತಾನೇ ಕಡಿತವಾಗುವಂತೆಯೂ ಅತ್ತೆ ಮಾಡಿದಳು. ಮತ್ತೆ ಅದೇ ಬಡಾವಣೆ, ಅದೇ ರಸ್ತೆ. ಅವಳು ಸ್ಟೀರಿಂಗ್ ಕಡೆ ಕೈ ತೋರಿಸಿದಳು.

“ನಾ ಒಲ್ಲೆ ಅತ್ತಿ. ಜಮಖಂಡಿಯಿಂದ ಯಾರರ ಛಲೋ ಡ್ರೈವರ್‌ನ ಕರಸು. ಆವತ್ತ ನೀ ಬಿಡು ಅಂದದ್ದು ನನಗ ಕೇಳಿತ್ತು.”

“ಗೊತ್ತೈತಿ.”

“ಎಂಜಿನ್ ನನ್ನಿಂದ ಹೋತು.”

“ಎಂಜಿನ್ ಹೋದದ್ದು ನನಗ ಆಮ್ಯಾಗ ತಿಳೀತಪ್ಪಾ,” ಎಂದು ಅವಳು ನನ್ನನ್ನು ಒಳಗೆ ಕೂರಿಸಿ ಸೀಟ್‌ಬೆಲ್ಟ್ ಜಗ್ಗಿ ನೋಡಿದಳು. “ಆ ಸಪ್ಪಳ ಬಂದಾಗ ನಾ ಮೀಟರ್ ನೋಡಲೇ ಇಲ್ಲ. ನಿನ್ನ ಮಾರಿ ನೋಡಾಕತ್ತಿದ್ದೆ. ನಡಿ ಈಗ, ಹೊತ್ತಾತು.”

ನಾನು ಗೇರು ಹಾಕಿದೆ. ಒಂದು ಕೈ ಸ್ಟೀರಿಂಗ್ ಮೇಲೆ, ಒಂದು ಕೈ ಗೇರಿನ ಮೇಲೆ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.