ನೋಂದಾಯಿತ ದೌರ್ಬಲ್ಯಗಳು

ಗುಡ್ಡಗಾಡು ಸೌಲಭ್ಯ ಸಮನ್ವಯ ಇಲಾಖೆಯ ಮಡಿಕೇರಿ ಕಚೇರಿಯ ಹಿಂದೆ ಪ್ಯಾಡೆಲ್ ಅಂಕಣವೊಂದು ಇರುವುದು ಸಂಪೂರ್ಣವಾಗಿ ಸಾರ್ವಜನಿಕ ಹಿತದೃಷ್ಟಿಯಿಂದ. ಕರಿಕೆಯ ಉಪಕಚೇರಿಯ ಕಿಟಕಿಗಳಿಗೆಂದು ತರಿಸಿದ ಗಾಜು ಕಿಟಕಿಗಳಿಗಿಂತ ದೊಡ್ಡದಾಗಿ ಬಂದಿತ್ತು. ಕಿಟಕಿ ಹಿಗ್ಗಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ, ಗಾಜು ಹಿಂದಿರುಗಿಸಲು ನಮೂನೆ ಇರಲಿಲ್ಲ. ಹಾಗಾಗಿ ಅದನ್ನು ಹಿತ್ತಲಿನ ಎರಡು ತುದಿಗೂ ಗೋಡೆಯಂತೆ ನಿಲ್ಲಿಸಿ, ನಡುವೆ ಬಲೆ ಕಟ್ಟಲಾಯಿತು. ಪ್ಯಾಡೆಲ್ ಎಂದರೆ ಟೆನಿಸ್‌ನ ದಾಯಾದಿ. ಪಕ್ಷಕ್ಕೆ ಇಬ್ಬರು. ಚೆಂಡು ನೆಲಕ್ಕೊಮ್ಮೆ ಪುಟಿದು, ಹಿಂದಿನ ಗಾಜಿಗೆ ಬಡಿದು ತಿರುಗಿ ಬಂದ ಮೇಲೂ ಅದನ್ನು ಹೊಡೆಯಬಹುದು. ಹಿಂದಕ್ಕೆ ಕಳಿಸಿದ್ದೆಲ್ಲ ಮತ್ತೆ ತಮ್ಮ ಮುಂದೆಯೇ ಬಂದು ನಿಲ್ಲುವುದು ಇಲಾಖೆಯವರಿಗೆ ರೂಢಿಯಿದ್ದುದರಿಂದ ಆಟ ಬೇಗ ಕೈಗೆ ಹತ್ತಿತು.

ನೀಲಾವತಿ ಆ ಅಂಕಣವನ್ನು ಮೊದಲು ಕಂಡದ್ದು ತನ್ನ ಹನ್ನೊಂದನೆಯ ವರ್ಗಾವಣೆ ಅರ್ಜಿ ಹಿಡಿದು ಬಂದ ದಿನ. ಕರಿಕೆಯಲ್ಲಿ ಅವಳು ದ್ವಿತೀಯ ದರ್ಜೆ ಸಹಾಯಕಿಯಾಗಿ ಏಳು ವರ್ಷವಾಗಿತ್ತು. ಗಂಡ ದಿಗಂತ್, ಮೂರನೇ ಕ್ಲಾಸಿನ ಮಗಳು ಸಿಂಚನಾ ಮೂರ್ನಾಡಿನಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಬಸ್ಸು ಹತ್ತುವ ಅಮ್ಮನನ್ನು ಆ ಮಗು ಶಾಲೆಯಲ್ಲಿ ಬರೆದ ‘ನಮ್ಮ ಮನೆಗೆ ಬರುವ ಅತಿಥಿಗಳು’ ಎಂಬ ಪ್ರಬಂಧಕ್ಕೆ ಸೇರಿಸಿತ್ತು. ಟೀಚರು ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು.

“ಸಾಹೇಬ್ರೂ ಮ್ಯಾನೇಜರ್ರೂ ಸ್ಥಳ ಪರಿಶೀಲನೆಯಲ್ಲಿದ್ದಾರೆ” ಎಂದು ಅಟೆಂಡರ್ ಲಿಂಗಮ್ಮ ಹಿತ್ತಲಿನ ಕಡೆ ಕೈ ತೋರಿಸಿದಳು.

ಅಲ್ಲಿ ಉಪನಿರ್ದೇಶಕ ಅನಂತಕೃಷ್ಣ ಮತ್ತು ಕಚೇರಿ ಮ್ಯಾನೇಜರ್ ಮೊಣ್ಣಪ್ಪ, ಇಳಿಜಾರು ನಿರ್ವಹಣಾ ಮಂಡಳಿಯ ಎದುರು ಸೋಲುತ್ತಿದ್ದರು. ಮಂಡಳಿಯ ಕಡೆ ಅದರ ಮುಖ್ಯಸ್ಥ ಪ್ರಜ್ಞೇಶ್ ಮತ್ತು ಎಂಜಿನಿಯರ್ ವಿವೇಕ್. ನೀಲಾವತಿ ಬೆಂಚಿನ ಮೇಲೆ ಮೂರು ಗಂಟೆ ಕೂತಳು. ಕಾಯುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿರಲಿಲ್ಲ, ಆಟ ಬಿಟ್ಟರೆ ಕಣ್ಣಿಗೆ ಬೇರೆ ನೋಟವಿರಲಿಲ್ಲ.

ನೀರು ಕುಡಿಯಲು ಬಂದ ಅನಂತಕೃಷ್ಣ ಕಾಗದ ನೋಡಿ ಸಿಡುಕಿದರು. “ಈಗ ಅರ್ಜಿಯಾ? ನಾವು ಸೋಲ್ತಾ ಇರೋದು ಕಾಣ್ಸೋದಿಲ್ವಾ ನಿಮಗೆ?”

“ಕಾಣ್ತದೆ ಸರ್. ನೀವು ಅವರ ಬಲಗೈಗೇ ಕೊಡ್ತಾ ಇದ್ದೀರಿ. ಆ ಪ್ರಜ್ಞೇಶ್ ಸರ್‌ಗೆ ಎಡಮೂಲೆ ಗಾಜಿಂದ ತಿರುಗಿ ಬರೋ ಚೆಂಡು ಸಿಗೋದೇ ಇಲ್ಲ, ಅದು ಬರೋ ಮೊದಲೇ ಬ್ಯಾಟು ಬೀಸ್ತಾರೆ. ಇನ್ನೊಬ್ರು ಬಲೆ ಬಿಟ್ಟು ಹಿಂದೆ ಹೋಗೋದಿಲ್ಲ. ಮೊಣಕಾಲು ನೋವಿರಬೇಕು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೊಂಡ್ರು. ತಲೆ ಮೇಲಿಂದ ಎತ್ತಿ ಹಾಕಿ ಸರ್.”

ಅನಂತಕೃಷ್ಣ ಎತ್ತಿ ಹಾಕಿದರು. ವಿವೇಕ್ ತಲೆಯೆತ್ತಿ ಚೆಂಡನ್ನು ಬೀಳ್ಕೊಟ್ಟರು. ಎಡಮೂಲೆಗೆ ಹೊಡೆದರು. ಪ್ರಜ್ಞೇಶ್ ಗಾಳಿಗೆ ಹೊಡೆದರು. ಇಲಾಖೆ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಗೆದ್ದಿತು, ಮತ್ತು ಅರ್ಜಿ ಹನ್ನೊಂದು ಬಾರಿಗಳಲ್ಲೇ ಮೊದಲ ಬಾರಿಗೆ ಓದಲ್ಪಟ್ಟಿತು.

ವರ್ಗಾವಣೆಯೇನೂ ಸಿಗಲಿಲ್ಲ. ಆದೇಶ ಹೀಗಿತ್ತು: “ಸದರಿ ಶ್ರೀಮತಿ ನೀಲಾವತಿ ಇವರನ್ನು, ಎದುರಾಳಿಗಳ ದೌರ್ಬಲ್ಯಗಳು ಅಸ್ತಿತ್ವದಲ್ಲಿರುವವರೆಗೆ ಮಾತ್ರ, ಮಡಿಕೇರಿ ಕಚೇರಿಗೆ ದೌರ್ಬಲ್ಯ ವೀಕ್ಷಕರನ್ನಾಗಿ ನಿಯೋಜಿಸಿದೆ.”

ಅವಳಿಗೆ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿ ಕೊಟ್ಟರು. ಎದುರಾಳಿಯ ಹೆಸರು, ದೌರ್ಬಲ್ಯ, ಯಾವಾಗಿನಿಂದ, ಸಾಕ್ಷ್ಯ, ಬಳಸುವ ವಿಧಾನ, ಹೀಗೆ ಐದು ಅಂಕಣ. ವಹಿಯಲ್ಲಿ ನಮೂದಾಗಿ ಉಪನಿರ್ದೇಶಕರ ಸಹಿ ಬೀಳದ ಯಾವುದೇ ದೌರ್ಬಲ್ಯವನ್ನು ಆಟಗಾರರು ಬಳಸತಕ್ಕದ್ದಲ್ಲ ಎಂಬ ನಿಯಮವೂ ಬಂತು. ಮೊಣ್ಣಪ್ಪ ನಿಯಮಕ್ಕೆ ಬಹಳ ನಿಷ್ಠರು. ಮುಂದಿನ ಪಂದ್ಯದಲ್ಲಿ ವಿವೇಕ್ ಜಾರಿ ಅಂಗಾತ ಬಿದ್ದಾಗ, ಖಾಲಿ ಅಂಕಣಕ್ಕೆ ಹೊಡೆಯಬೇಕಾದ ಚೆಂಡನ್ನು ಮೊಣ್ಣಪ್ಪ ಕೈಯಲ್ಲಿ ಹಿಡಿದು ನಿಂತರು.

“ಹೊಡೀರಿ ಮಾರಾಯ್ರೆ!” ಎಂದು ಅನಂತಕೃಷ್ಣ ಕೂಗಿದರು.

“ಜಾರೋದು ವಹಿಯಲ್ಲಿ ಇಲ್ಲ ಸರ್.”

ನಾಲ್ಕು ತಿಂಗಳು ನೀಲಾವತಿ ದಿನವೂ ಮೂರ್ನಾಡಿನ ಮನೆಯಲ್ಲಿ ಉಂಡು ಮಲಗಿದಳು. ಸಿಂಚನಾ ಮೊದಲ ವಾರ ಅವಳಿಗೆ ಲೋಟದಲ್ಲಿ ನೀರು ತಂದು ಕೊಟ್ಟು “ಕೂತ್ಕೊಳ್ಳಿ” ಎನ್ನುತ್ತಿದ್ದಳು. ಎರಡನೇ ತಿಂಗಳಿಗೆ ಜಗಳಕ್ಕೆ ಬರುವಷ್ಟು ಸಲಿಗೆಯಾಯಿತು. ಮಗಳು ತನ್ನ ಮೇಲೆ ರೇಗಿದ ಸಂಜೆ ನೀಲಾವತಿ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ನಕ್ಕಳು.

ಐದನೇ ತಿಂಗಳು ಅನಾಹುತವಾಯಿತು. ಪ್ರಜ್ಞೇಶ್ ಎಡಮೂಲೆಯ ಚೆಂಡನ್ನು ಹೊಡೆದುಬಿಟ್ಟರು. ಒಂದಲ್ಲ, ಆರು. ಸದ್ದಿಲ್ಲದೆ ಯಾವನೋ ಕೋಚ್ ಇಟ್ಟುಕೊಂಡು ಕಲಿತಿದ್ದರು.

“ಒಂದನೇ ನಂಬರ್ ದೌರ್ಬಲ್ಯ ಹೋಯ್ತು” ಎಂದರು ಅನಂತಕೃಷ್ಣ. “ಇನ್ನೊಂದು ಹೋದರೆ ನೀವು ಕರಿಕೆಗೆ. ನಾನೇನೂ ಮಾಡೋ ಹಾಗಿಲ್ಲ, ಆದೇಶ ನನ್ನದೇ.”

ನೀಲಾವತಿ ಆ ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಕೂತು ನೋಟಿಸು ಬರೆದಳು: “ತಾವು ಪೂರ್ವಾನುಮತಿ ಪಡೆಯದೆ ತಮ್ಮ ನೋಂದಾಯಿತ ದೌರ್ಬಲ್ಯವನ್ನು ನಿವಾರಿಸಿಕೊಂಡಿರುವುದು ಗಮನಕ್ಕೆ ಬಂದಿರುತ್ತದೆ. ಏಳು ದಿನದೊಳಗೆ ಅದನ್ನು ಪೂರ್ವಸ್ಥಿತಿಗೆ ತರತಕ್ಕದ್ದು, ತಪ್ಪಿದಲ್ಲಿ ಸಮಜಾಯಿಷಿ ನೀಡತಕ್ಕದ್ದು.”

ಮೂರನೇ ದಿನ ಪ್ರಜ್ಞೇಶ್ ನೋಟಿಸು ಹಿಡಿದು ಖುದ್ದಾಗಿ ಬಂದರು. ಜಗಳವಾಗುತ್ತದೆಂದು ಲಿಂಗಮ್ಮ ಬಾಗಿಲ ಬಳಿ ನಿಂತಳು.

“ಎಲ್ಲಾ ನೋಡಿದೆ” ಎಂದರು ಪ್ರಜ್ಞೇಶ್ ಸೋತ ದನಿಯಲ್ಲಿ. “ಸಂಖ್ಯೆ ಉಂಟು, ದಿನಾಂಕ ಉಂಟು, ಸೀಲ್ ಉಂಟು. ತಪ್ಪು ನಂದೇ. ಆದ್ರೆ ಏಳು ದಿನ ಸಾಲೋದಿಲ್ಲಮ್ಮ. ಕಲಿಯೋದು ಸುಲಭ, ಕಲಿತದ್ದು ಮರೆಯೋದು ಕಷ್ಟ.”

“ಹದಿನೈದು ಕೊಡ್ತೇನೆ ಸರ್.”

“ಉಪಕಾರ ಆಯ್ತು. ಅದರ ಜೊತೆ ಆ ವಹಿಯ ಪೂರ್ತಿ ನಕಲು ಬೇಕು. ಮಾಹಿತಿ ಹಕ್ಕಿನ ಅರ್ಜಿ ತಂದಿದ್ದೇನೆ.”

ನಕಲು ತೆಗೆಯಲೆಂದು ನೀಲಾವತಿ ಜೆರಾಕ್ಸ್ ಮೆಷಿನ್ನಿನ ಮುಂದೆ ನಿಂತು ಒಂದೊಂದೇ ಪುಟ ತಿರುವಿದಳು. ತಾನು ಬರೆಯದ ಒಂದು ಪುಟ ಕೊನೆಯಲ್ಲಿತ್ತು. ಅಕ್ಷರ ಅನಂತಕೃಷ್ಣ ಅವರದು.

“ಹೆಸರು: ನೀಲಾವತಿ, ದ್ವಿ.ದ.ಸ. ದೌರ್ಬಲ್ಯ: ಮಗಳು. ಬಳಸುವ ವಿಧಾನ: ಖಾಯಂ ವರ್ಗಾವಣೆಯನ್ನು ತೋರಿಸುತ್ತಿರುವುದು, ಕೊಡದಿರುವುದು.”

ಅವಳು ಎರಡು ಸಲ ಓದಿದಳು. ಮೆಷಿನ್ನು ಬಿಸಿಯಾಗಿ ಗುಂಯ್‌ಗುಡುತ್ತಿತ್ತು. ಏಳು ವರ್ಷದ ಅಷ್ಟೂ ಸೋಮವಾರಗಳ ಬಸ್ಸುಗಳು ಒಟ್ಟಿಗೇ ಎದೆಯ ಮೇಲೆ ಹಾದುಹೋದಂತಾಯಿತು. ಆಮೇಲೆ ಸಾಕ್ಷ್ಯದ ಅಂಕಣ ಖಾಲಿ ಬಿಟ್ಟಿರುವುದು ಕಣ್ಣಿಗೆ ಬಿತ್ತು. ಅದು ನಿಯಮಬಾಹಿರ.

ಮನೆಯಲ್ಲಿ ದಿಗಂತನಿಗೆ ಹೇಳಿದಳು. ಅವನು ಚಾ ಲೋಟ ಕೆಳಗಿಟ್ಟು, “ಬೈದುಬಿಡು ಅತ್ಲಾಗೆ. ಏನಾಗ್ತದೆ, ಕರಿಕೆ ಅಲ್ವಾ?” ಎಂದ.

“ಬೈಯೋಕೆ ವಹಿಯಲ್ಲಿ ಅಂಕಣ ಇಲ್ಲ” ಎಂದಳು ಅವಳು.

ಮರುದಿನ ಹೊಸ ಪುಟ ತೆರೆದು ದುಂಡಗೆ ಬರೆದಳು. “ಹೆಸರು: ಅನಂತಕೃಷ್ಣ, ಉಪನಿರ್ದೇಶಕರು. ದೌರ್ಬಲ್ಯ: ಮಧ್ಯದ ಚೆಂಡು. ಇಬ್ಬರ ನಡುವೆ ಬಂದದ್ದೆಲ್ಲ ತನ್ನದೇ ಎಂಬ ಭಾವನೆ. ಯಾವಾಗಿನಿಂದ: ಸೇವೆಗೆ ಸೇರಿದಂದಿನಿಂದ. ಸಾಕ್ಷ್ಯ: ಎಲ್ಲ ಪಂದ್ಯಗಳು. ಬಳಸುವ ವಿಧಾನ: ನಡುವೆ ಹೊಡೆಯುವುದು.” ವಹಿಯನ್ನೂ, ಆ ಪುಟವೂ ಸೇರಿದ ನಕಲುಗಳನ್ನೂ ಸಹಿಗೆ ಕಳಿಸಿದಳು. ಅನಂತಕೃಷ್ಣ ಫೋನಿನಲ್ಲಿ ಮಾತಾಡುತ್ತ, ಲಿಂಗಮ್ಮ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ನಕಲು ಆ ಸಂಜೆಯೇ ಪ್ರಜ್ಞೇಶ್ ಕೈ ಸೇರಿತು.

ಸೌಹಾರ್ದ ಕಪ್ಪಿನ ಫೈನಲ್ ದಿನ ಮಂಡಳಿಯವರು ಒಂದೇ ಒಂದು ಕಡೆಗೆ ಹೊಡೆದರು. ಮೊದಲ ಚೆಂಡು ನಡುವೆ ಬಂತು. “ನಂದು ಸರ್!” ಎಂದರು ಮೊಣ್ಣಪ್ಪ. “ನಾನಿದ್ದೇನೆ!” ಎಂದರು ಅನಂತಕೃಷ್ಣ. ಎರಡು ಬ್ಯಾಟು ಒಂದಕ್ಕೊಂದು ಬಡಿದವು, ಚೆಂಡು ಅವುಗಳ ಕೆಳಗಿಂದ ಶಾಂತವಾಗಿ ಹೋಯಿತು. ಎರಡನೆಯದರಲ್ಲಿ ಭುಜ ತಾಗಿತು, ಐದನೆಯದರಲ್ಲಿ ಹಣೆ. ಮೊಣ್ಣಪ್ಪ ಆಮೇಲೆ ಮಧ್ಯದ ಚೆಂಡು ಬಂದಾಗಲೆಲ್ಲ ಗಾಜಿಗೆ ಒರಗಿ ದಾರಿ ಬಿಟ್ಟರು. ಅನಂತಕೃಷ್ಣ ಒಬ್ಬರೇ ಇಬ್ಬರ ಆಟವಾಡಿ, ಇಬ್ಬರ ಸೋಲು ಸೋತರು.

“ಇದನ್ನು ಬರೆದದ್ದು ಯಾರು?” ಪಂದ್ಯ ಮುಗಿದ ಮೇಲೆ ಅನಂತಕೃಷ್ಣ ಮಂಡಳಿಯವರಿಂದ ಕಸಿದು ತಂದ ನಕಲನ್ನು ನೀಲಾವತಿಯ ಮೇಜಿನ ಮೇಲೆ ಹಾಕಿದರು.

“ಬರೆದದ್ದು ನಾನು ಸರ್. ಅನುಮೋದಿಸಿದ್ದು ತಾವು.”

ಅವರು ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಅದು ತಮ್ಮದಲ್ಲವೆನ್ನುವಂತಿರಲಿಲ್ಲ. ಓದದೆ ಹಾಕಿದೆನೆಂದರೆ ಹತ್ತೊಂಬತ್ತು ವರ್ಷದ ಎಲ್ಲ ಕಡತಗಳೂ ಎದ್ದು ಕೂರುತ್ತಿದ್ದವು.

“ನಿಯೋಜನೆ ದೌರ್ಬಲ್ಯ ಇರುವವರೆಗೆ ಅಂತ ಇದೆ ಸರ್” ಎಂದಳು ನೀಲಾವತಿ. “ಯಾರ ಎದುರಾಳಿ ಅಂತ ಆದೇಶದಲ್ಲಿಲ್ಲ. ತಾವು ಮಂಡಳಿಯ ಎದುರಾಳಿ, ಅಂದ್ರೆ ಎದುರಾಳಿಗಳಲ್ಲಿ ಒಬ್ಬರು. ತಮ್ಮ ದೌರ್ಬಲ್ಯ ತಮ್ಮ ನಿವೃತ್ತಿಯವರೆಗೆ ಇರ್ತದೆ ಅಂತ ಕಾಣ್ತದೆ. ಅಥವಾ ಬಿಟ್ಟುಬಿಡೋಕೆ ಅನುಮತಿ ಕೇಳ್ತೀರಾ?”

ಅನಂತಕೃಷ್ಣ ಕಿಟಕಿಯಿಂದ ಹೊರಗೆ ನೋಡಿದರು. ಇಬ್ಬರ ನಡುವೆ ಬಂದದ್ದನ್ನು ಇನ್ನೊಬ್ಬರಿಗೆ ಬಿಟ್ಟು ಬದುಕುವ ಬಗೆಯನ್ನು ಊಹಿಸಲು ಯತ್ನಿಸಿದಂತಿತ್ತು. “ಬೇಡ” ಎಂದರು. “ಖಾಯಂ ಆದೇಶ ಟೈಪ್ ಮಾಡಿ ತನ್ನಿ.” ಅದನ್ನು ಮಾತ್ರ ಓದಿ ಸಹಿ ಹಾಕಿದರು.

ಪದ್ಧತಿ ಉಪಯುಕ್ತವೆಂದು ಮೇಲಿನವರಿಗೂ ಕಂಡು, ಅದನ್ನು ಉಳಿದ ಇಲಾಖೆಗಳಿಗೂ ವಿಸ್ತರಿಸಲಾಯಿತು. ಯಾರ ದುರ್ಬಲತೆ ಎಲ್ಲಿದೆಯೆಂದು ಕಡತದಲ್ಲಿರುವುದು ಆಡಳಿತಕ್ಕೆ ಅನುಕೂಲ. ನೋಂದಾಯಿತ ದೌರ್ಬಲ್ಯವಿಲ್ಲದವರಿಗೆ ಬಡ್ತಿಯಿಲ್ಲವೆಂದೂ ಆಯಿತು. ಅಧಿಕಾರಿಗಳು ಗೌರವಯುತ ದೌರ್ಬಲ್ಯಕ್ಕಾಗಿ ಸಾಲು ನಿಂತರು. ಒಬ್ಬರು ‘ಅತಿಯಾದ ಪ್ರಾಮಾಣಿಕತೆ’ ಎಂದು ಬರೆದು ತಂದಿದ್ದರು. ಸಾಕ್ಷ್ಯದ ಕೊರತೆಯಿಂದ ತಿರಸ್ಕೃತವಾಯಿತು.

ತೊಂದರೆಯಾದದ್ದು ಮೊಣ್ಣಪ್ಪನವರಿಗೆ. ಬಡ್ತಿಯ ಪಟ್ಟಿ ಬಂದಾಗ ಅವರ ಹೆಸರಿನ ಮುಂದೆ ‘ದೌರ್ಬಲ್ಯ: ಇಲ್ಲ, ಪರಿಗಣಿಸಲಾಗುವುದಿಲ್ಲ’ ಎಂದಿತ್ತು. ಅವರು ನೀಲಾವತಿಯ ಮೇಜಿನ ಮುಂದೆ ಕೈಕಟ್ಟಿ ನಿಂತರು.

“ಒಂದು ಸಣ್ಣದಾದರೂ ಸಾಕು ಮಾರಾಯ್ತಿ.”

“ಮೂರು ದಿನ ನೋಡಿದೆ ಸರ್. ಬಲಗೈ ಸರಿ, ಎಡಗೈ ಸರಿ, ಹಿಂದಕ್ಕೂ ಓಡ್ತೀರಿ.”

“ಹಾಗೆ ಹೇಳ್ಬೇಡಿ. ಇಪ್ಪತ್ತೆರಡು ವರ್ಷ ಆಯ್ತು ಸರ್ವಿಸ್.”

ಕೊನೆಗೆ ಅವರ ದೌರ್ಬಲ್ಯ ಸರ್ವ್ ಚೆಂಡನ್ನು ಬಲೆಗೆ ಹಾಕುವುದೆಂದು ನಿಶ್ಚಯವಾಯಿತು. ಸತತ ಮೂವತ್ತು ಸಾಕ್ಷ್ಯ ಬೇಕು. ಮೊಣ್ಣಪ್ಪ ಬೆಳಿಗ್ಗೆ ಒಬ್ಬರೇ ಅಂಕಣಕ್ಕಿಳಿದು ಹೊಡೆಯತೊಡಗಿದರು, ನೀಲಾವತಿ ವಹಿಯಲ್ಲಿ ಗೆರೆ ಎಳೆಯುತ್ತ ಹೋದಳು. ಕೆಲಸಕ್ಕೆ ಬಂದವರೆಲ್ಲ ಗಾಜಿನಾಚೆ ಗುಂಪುಗೂಡಿದರು. “ಶ್ರದ್ಧೆ ಅಂದ್ರೆ ಇದು” ಎಂದರು ಅನಂತಕೃಷ್ಣ.

ಇಪ್ಪತ್ತೊಂಬತ್ತನೆಯ ಚೆಂಡು ಬಲೆಯ ಅಂಚಿಗೆ ತಾಗಿ, ಒಂದು ಗಳಿಗೆ ಯೋಚಿಸಿ, ಆಚೆ ಬಿತ್ತು. ಎಲ್ಲರೂ ‘ಛೆ’ ಎಂದರು. ನಿಯಮವೇನೆಂದು ಯಾರೂ ಕೇಳಲಿಲ್ಲ. ಮೊಣ್ಣಪ್ಪ ತಾವೇ ನಡೆದು ಹೋಗಿ ಚೆಂಡನ್ನು ಹೆಕ್ಕಿ ತಂದರು, ಅಂಗಿಗೆ ಒರೆಸಿದರು, ನೀಲಾವತಿ ಹೊಸ ಪುಟ ತಿರುವುವವರೆಗೆ ಕಾದು, ಮತ್ತೆ ಒಂದರಿಂದ ಶುರುಮಾಡಿದರು.