ಭಾನುಪ್ರಿಯಳ ಗಂಟಲು ಕಟ್ಟಿದ ಶುಕ್ರವಾರ

ಹೆಂಡತಿ ಮಾಡುವುದು ಕೆಲಸವೇ ಅಲ್ಲ ಎಂಬುದು ಲೋಕೇಶನ ಅಚಲ ಸಿದ್ಧಾಂತ. ಅವನು ಬಿಡದಿಯ ಕಾರ್ಖಾನೆಯಲ್ಲಿ ಪಾಳಿಯುದ್ದಕ್ಕೂ ನಿಂತು ಬೋಲ್ಟು ಬಿಗಿಯುವವನು. ಭಾನುಪ್ರಿಯ ರಾಮನಗರದ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕುರ್ಚಿ ಮೇಲೆ ಕೂತು, ಕಂಪನಿಯ ಮಿಷನ್ನು ಕೊಂಡ ಹಾಲಿನ ಡೇರಿಗಳಿಂದ, ಅದು ಕೆಟ್ಟಾಗ ಬರುವ ಫೋನುಗಳಿಗೆ ಉತ್ತರ ಹೇಳುವವಳು.

"ಕೂತ್ಕಂಡು ಮಾತಾಡಕ್ಕೆ ಸಂಬ್ಳ ಕೊಡ್ತಾರೆ ಅಂದ್ರೆ ನಮ್ಮತ್ತೆಗೆ ಇಷ್ಟೊತ್ತಿಗೆ ಪೆನ್ಶನ್ ಬರ್ಬೇಕಾಗಿತ್ತು" ಎಂದು ನೆಂಟರಿಷ್ಟರ ನಡುವೆ ಘೋಷಿಸುತ್ತಿದ್ದ. (ಅತ್ತೆ ಊರಲ್ಲಿಲ್ಲದಾಗ ಮಾತ್ರ.)

ಬೆಳಗಿನ ಜಾವಕ್ಕೇ ಹಾಲು ಅಳೆಯುವ ಡೇರಿಗಳು ಕಂಪನಿಯ ಬಾಗಿಲು ತೆರೆಯುವವರೆಗೆ ಕಾಯಲಾದೀತೆ? ಹಾಗಾಗಿ ಕಂಪನಿಯ ಮೊಬೈಲು ವಾರಕ್ಕೊಬ್ಬರ ಮನೆಗೆ ಬರುತ್ತಿತ್ತು. ಆ ವಾರ ಭಾನುಪ್ರಿಯಳ ಸರದಿ. ಅವಳ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ತೀರ್ಮಾನವಾಗುವ ವಾರವೂ ಅದೇ. ಶುಕ್ರವಾರ ಎದ್ದು ನೋಡುತ್ತಾಳೆ, ನೆಗಡಿಗೆ ಗಂಟಲು ಪೂರ್ತಿ ಕಟ್ಟಿದೆ. ಬಾಯಿ ತೆರೆದರೆ ಬರೀ ಗಾಳಿ. ಆಗಲೇ ಮೊಬೈಲು ಬಡಿದುಕೊಂಡಿತು.

"ಕೊಡಿಲ್ಲಿ, ನಾನ್ ಮಾತಾಡ್ತೀನಿ. ಅದೇನ್ ಬ್ರಹ್ಮವಿದ್ಯೆ!" ಎಂದು ಲೋಕೇಶ ಕಿತ್ತುಕೊಂಡ. ಅವಳು ಕೈಚಾಚಿ ಸ್ಪೀಕರ್ ಒತ್ತಿದಳು.

ಫೋನು ಮಾಡಿದವನು ಸಾತನೂರು ಕಡೆಯ ಡೇರಿಯ ಕಾರ್ಯದರ್ಶಿ ಚೆಲುವಯ್ಯ. "ಸಾರ್, ಪ್ರಿಂಟ್ರು ಹಾಲಿನ ಲೆಕ್ಕದ ಚೀಟಿ ಉಗುಳ್ತಾ ಇಲ್ಲ. ಜನ ಹಾಲ್ ಹಿಡ್ಕಂಡು ನಿಂತವ್ರೆ. ಇವತ್ತು ಸರಿಹೋಗ್ನಿಲ್ಲ ಅಂದ್ರೆ ನಿಮ್ ಮಿಷನ್ನ ನಿಮ್ಗೇ ಕಟ್ಟಿ ಕಳುಸ್ಬುಡ್ತೀನಿ!"

"ವೈರ್ ಸಿಗ್ಸಿದ್ದೀಯೇನಯ್ಯಾ? ಕಣ್ ಬುಟ್ಟು ನೋಡು!" ಎಂದು ಲೋಕೇಶ ಗರ್ಜಿಸಿದ.

ಭಾನುಪ್ರಿಯ ಅವನ ತೋಳನ್ನು ಚುರ್ರೆನ್ನುವಂತೆ ಚಿವುಟಿ, ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಬೈಬ್ಯಾಡ್ರೀ, ಮೊದ್ಲೇ ಗಾಬ್ರಿಯಾಗವ್ರೆ. ಪ್ರಿಂಟ್ರಲ್ಲಿ ಹಸುರು ದೀಪ ಹತ್ತೈತಾ ಕೇಳಿ."

"ದೀಪ ಹತ್ತೈತಾ?"

"ಓ! ಬೆಳಿಗ್ಗೇನೇ ಹಚ್ಚಿ, ಊದುಗಡ್ಡಿನೂ ಹಚ್ಚಿವ್ನಿ ಸಾರ್."

ಲೋಕೇಶನಿಗೆ ನಗು ಉಕ್ಕಿತು. ಎರಡನೇ ಚಿವುಟು ಬಿತ್ತು. ಭಾನುಪ್ರಿಯ ಮಾತ್ರ ನಗಲಿಲ್ಲ. ಅವಳ ಕಣ್ಣು ಅರಳಿತು. "ಮಿಷನ್ಗೆ ಪೂಜೆ ಮಾಡವ್ರೆ. ಹೂವು ಎಲ್ಲಿಗೆ ಹಾಕಿದ್ರು ಕೇಳಿ."

"ಹೂವು ಎಲ್ಲಿಗೆ ಹಾಕ್ದಯ್ಯಾ... ಹಾಕಿದ್ರಿ ಸ್ವಾಮಿ?"

"ಕಂಪ್ಯೂಟ್ರಿಗೊಂದು ಮಾಲೆ, ಪ್ರಿಂಟ್ರಿಗೊಂದು ಮಾಲೆ. ಭೇದ ಮಾಡಕ್ಕಾಯ್ತದಾ ಸಾರ್?"

ಅಲ್ಲಿಂದ ಮುಂದೆ ಅವಳು ಪಿಸುಗುಟ್ಟಿದ್ದನ್ನು ಇವನು ಒಪ್ಪಿಸುತ್ತ ಹೋದ. ಮೊದಲು ಸ್ವಿಚ್ಚು ಆರಿಸಿ. ಮುಚ್ಚಳ ಎತ್ತಿ. ಒಳಗೆ ಸಿಕ್ಕಿರೋ ಹೂವನ್ನ ಎಳೀಬೇಡಿ, ಮೆಲ್ಲಗೆ ಬಿಡಿಸಿ. ಹಿಂದಿನಿಂದ ಯಾರೋ "ಹಾಲು ಮೊಸ್ರಾಯ್ತದೆ ಕಣ್ಲಾ ಚೆಲುವಾ!" ಎಂದು ಕೂಗಿದರು. ಚೆಲುವಯ್ಯ ಗೋಗರೆದ. "ನನ್ ಕೈಲಿ ಆಗಾಕಿಲ್ಲ ಸಾರ್."

"ಆಯ್ತದೆ ಅನ್ನಿ" ಎಂದಳು ಭಾನುಪ್ರಿಯ. "ದಿನಾ ಹೂ ಮುಟ್ಟೋ ಕೈ, ಒಂದು ಎಸಳು ತೆಗಿಯಾಕೆ ಬರಾಕಿಲ್ವಾ ಅನ್ನಿ."

ಲೋಕೇಶ ಹಾಗೆಯೇ ಅಂದ. ತನ್ನ ಗಂಟಲಿನಲ್ಲಿ ಅಷ್ಟು ಮೆತ್ತಗಿನ ದನಿ ಇರುವುದು ಅವನಿಗೇ ಗೊತ್ತಿರಲಿಲ್ಲ. ಅತ್ತ ಒಂದು ಸೇವಂತಿಗೆ ಎಸಳು ಬಂತು, ಹಿಂದೆಯೇ ಮೊಳದುದ್ದ ದಾರ ಬಂತು. ಸ್ವಿಚ್ಚು ಹಾಕಿದ್ದೇ ತಡ, ಕರ್ರ್ ಕರ್ರ್ ಎಂದು ಚೀಟಿ ಹೊರಬಿದ್ದ ಸದ್ದು, ಜನರ ಕೇಕೆ.

"ಪೂಜೆ ಮಾಡಿದ್ದು ತಪ್ಪಲ್ಲ, ಮುಂದ್ಲ ವಾರ ಮಾಲೆನ ಗೋಡೆ ಮೊಳೆಗೆ ಹಾಕಿ ಅನ್ನಿ" ಎಂಬ ಪಿಸುಮಾತನ್ನೂ ದಾಟಿಸಿ, ಲೋಕೇಶ ಹೆಂಡತಿಯನ್ನೇ ನೋಡಿದ. ತಲೆಗೆ ಮಫ್ಲರು, ಮೂಗು ಕೆಂಪು. ಇವಳ ಕಣ್ಣಿಗೆ ಆ ಮಿಷನ್ನೂ ಬಿದ್ದಿರಲಿಲ್ಲ, ಆ ಮನುಷ್ಯನೂ ಬಿದ್ದಿರಲಿಲ್ಲ. ಊದುಗಡ್ಡಿಯ ಮಾತು ಹಿಡಿದು ಎಸಳಿನವರೆಗೆ ಹೋದಳಲ್ಲ! ಅಷ್ಟು ಮಾಡಿಯೂ ಆ ಮನುಷ್ಯನನ್ನು ದಡ್ಡ ಅನ್ನಲಿಲ್ಲವಲ್ಲ!

"ನನ್ನೊಬ್ಬನ ಕೈಲಿದ್ದಿದ್ರೆ ಮಿಷನ್ನೂ ವಾಪಸ್ ಬತ್ತಿತ್ತು, ನಿನ್ ಕೆಲ್ಸಾನೂ ಹೋಯ್ತಿತ್ತು ಕಣೆ" ಎಂದು ಫೋನಿಗೆ ಕೈ ಅಡ್ಡ ಹಿಡಿದು ಒಪ್ಪಿಕೊಂಡ. (ಆ ವಾರವೇ ಕೆಲಸ ಕಾಯಂ ಆಯಿತು.)

ಆದರೂ ಮಾತಾಡಿದ ನಾಲಿಗೆ ತನ್ನದೇ ತಾನೆ? ಅರ್ಧ ಕೀರ್ತಿಯಾದರೂ ಬರಬೇಡವೆ? ಗಂಟಲು ಸರಿಮಾಡಿಕೊಂಡು, "ಚೆಲುವಯ್ಯನೋರೆ, ನಮ್ ಸೇವೆ ಹೆಂಗಿತ್ತು?" ಎಂದ.

"ಭಾಳ ಚಂದಾಗಿತ್ತು ಸಾರ್. ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಪಕ್ದಲ್ಲಿ ಗುಸುಗುಸು ಅಂತ ಒಬ್ರು ಹೇಳ್ಕೊಡ್ತಾವ್ರಲ್ಲ, ಮುಂದ್ಲ ಸಲ ಫೋನ್ನ ಅವ್ರ ಕೈಗೇ ಕೊಟ್ಬುಡಿ. ನೀವು ಕೆಲ್ಸಕ್ಕೆ ಹೊಸಬ್ರು ಅಂತ ಕಾಣ್ತದೆ. ಪರವಾಗಿಲ್ಲ, ಅವ್ರ ಕೈಕೆಳಗೆ ಒಂದೆರಡು ವರ್ಷ ಇದ್ರೆ ನೀವೂ ಒಸಿ ಕಲ್ತ್ಕತೀರಿ."

ಮದುವೆಯಾಗಿ ಒಂಬತ್ತು ವರ್ಷದಿಂದ ಅವರ ಕೈಕೆಳಗೇ ಇದ್ದ ಲೋಕೇಶ, "ಆಯ್ತು ಸ್ವಾಮಿ" ಎಂದು ಫೋನಿಟ್ಟು, ಕಷಾಯಕ್ಕೆ ನೀರಿಡಲು ಎದ್ದ.