ಎರಡು ಕಂಪ್ರೆಸರ್‌ಗಳ ನಡುವೆ ಒಂದು ಟ್ಯೂಬ್

ತಪ್ಪು ತೋರಿಸಿದ ಕೂಡಲೇ ತಿದ್ದಿಕೊಳ್ಳುವವರನ್ನು ಕಂಡರೆ ಜನರಿಗೆ ಗೌರವ ಎಂದು ನಾನು ಬಹಳ ಕಾಲ ನಂಬಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ತಿದ್ದಿಕೊಳ್ಳದ ಮನುಷ್ಯನ ಜೊತೆ ಜನ ಜಗಳವಾಡುತ್ತಾರೆ, ಬೈಯುತ್ತಲೇ ಅವನಿಗೊಂದು ಜಾಗ ಬಿಡುತ್ತಾರೆ, ಅವನು ಬಾರದ ದಿನ ‘ಅವನೊಬ್ಬ ಇರಬೇಕಿತ್ತು ನೋಡಿ’ ಎಂದು ನೆನೆಯುತ್ತಾರೆ. ತಿದ್ದಿಕೊಂಡವನದು ಗೋಡೆಗೆ ಬಳಿದ ಸುಣ್ಣದ ಕತೆ. ಚೆನ್ನಾಗಿ ಕೂತಷ್ಟೂ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಯಾವುದೋ ಗ್ರಂಥದಲ್ಲಿ ಓದಿ ಹೇಳುತ್ತಿಲ್ಲ. ಬೇಸ್ ಗಿಟಾರ್ ನುಡಿಸಲು ಹೋಗಿ ಕಲಿತೆ.

ಬೇಸ್ ಗಿಟಾರ್ ಎಂದ ಕೂಡಲೇ ನೀವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಹಲಸೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿ ಮುಗಿಸಿದ್ದಾರೆ. ‘ಇದರಲ್ಲಿ ನಾಲ್ಕೇ ತಂತಿ ಇದೆಯಲ್ಲ ಸಾರ್, ಮಿಕ್ಕಿದ್ದು ಕಿತ್ತುಹೋಯ್ತಾ?’ ಕಿತ್ತುಹೋಗಿಲ್ಲ. ಇದು ಇರುವುದೇ ಹೀಗೆ. ಹಾಡಿನ ತಳದಲ್ಲಿ ‘ದುಂ ದುಂ’ ಎಂದು ಒಂದು ಸದ್ದು ನಡೆದುಕೊಂಡು ಹೋಗುತ್ತಿರುತ್ತದೆ. ಅದು ನಿಂತಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಎಂದು ಅನ್ನಿಸುತ್ತದೆ. ಆ ದುಂ ದುಂ ನಾನು. ವಾರವೆಲ್ಲ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಭಾನುವಾರ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ನಿಲ್ಲುತ್ತಿದ್ದೆ ಎನ್ನಬೇಕು.

ಆರ್ಕೆಸ್ಟ್ರಾ ಬಸಣ್ಣನದು, ಹಾಡುವವರೂ ಅವರೇ. ಕಲಬುರಗಿ ಕಡೆಯಿಂದ ಗೋಡೆಗೆ ಬಣ್ಣ ಬಳಿಯುವ ಕೆಲಸಕ್ಕೆ ಬಂದವರು, ಈಗ ಮಾರತ್ತಹಳ್ಳಿಯ ಅಪಾರ್ಟ್‌ಮೆಂಟುಗಳ ಪೇಂಟಿಂಗ್ ಕಂಟ್ರಾಕ್ಟು ಹಿಡಿಯುತ್ತಾರೆ, ಅದರಲ್ಲಿ ಬಂದದ್ದನ್ನು ಹಾಡಿನಲ್ಲಿ ಕಳೆಯುತ್ತಾರೆ. ಕೀಬೋರ್ಡಿಗೆ ರಿಚರ್ಡ್ಸ್ ಟೌನಿನ ಕ್ಲೆಮೆಂಟ್. ಶಿವಾಜಿನಗರದ ಒಂದು ಫರ್ನಿಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಪ್ರಾಕ್ಟೀಸು. ಕಾಲೇಜಿನಲ್ಲಿ ನಾನು ಬಾಯಿ ಬಿಟ್ಟರೆ ಬರುವ ಮಾತು ‘ಆಗಲಿ ಸಾರ್’ ಒಂದೇ. ಟೈಮ್‌ಟೇಬಲ್ ಬದಲಾಯಿಸಿದರೂ ಆಗಲಿ, ನಾನು ಬರೆದ ವರದಿಯನ್ನು ಮುಖ್ಯಸ್ಥರು ತಮ್ಮ ಹೆಸರಿನಲ್ಲಿ ಓದಿದರೂ ಆಗಲಿ. ಆ ಕೋಣೆಯಲ್ಲಿ ಮಾತ್ರ, ವಾರವಿಡೀ ನುಂಗಿದ್ದನ್ನೆಲ್ಲ ಬಲಗೈಯ ಎರಡು ಬೆರಳುಗಳು ಹೇಳಿಬಿಡುತ್ತಿದ್ದವು. ನನಗೆ ಅದೊಂದೇ ಜಾಗವಿದ್ದದ್ದು. ಅದು ಕೈತಪ್ಪಿದರೆ ನನ್ನಲ್ಲಿ ಉಳಿಯುವುದು ಬರೀ ‘ಆಗಲಿ’.

ಒಂದು ಸಲ ಕೆ.ಆರ್. ಪುರದಲ್ಲಿ ಮದುವೆ ರಿಸೆಪ್ಷನ್ ಮುಗಿಸಿ ವಯರು ಸುತ್ತುತ್ತಿದ್ದಾಗ ಬಸಣ್ಣ ಹೇಳಿದರು: “ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಬೇಸು ಒಮ್ಮೆ ಎಮ್ಮಿ ಒದ್ದಂಗ ಕೇಳಸ್ತದ, ಒಮ್ಮೆ ಇಲಿ ಓಡಿದಂಗ ಕೇಳಸ್ತದ. ಒಂದ ಸಮ ಬರಂಗಿಲ್ಲೇನ್ರಿ?” ಎಮ್ಮೆ ಎಂದದ್ದು ಖಚಿತ. ಇಲಿಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಡೈರಿ ಬರೆಯುವ ಅಭ್ಯಾಸವಿದ್ದವರಿಗೆ ಇದೊಂದು ಕಾಟ. ರಾತ್ರಿಯ ಹೊತ್ತಿಗೆ ಎಲ್ಲರೂ ತಾವು ಆಡಿದ್ದಕ್ಕಿಂತ ಸ್ವಲ್ಪ ಚೆನ್ನಾಗಿ ಮಾತಾಡಿರುತ್ತಾರೆ. ದೂರು ಮಾತ್ರ ನಿಜ. ನಾನು ‘ಹೌದಾ, ನೀವು ಕೇಳುವುದೇ ಹಾಗೆ’ ಎನ್ನಬಹುದಿತ್ತು. ಎನ್ನಲಿಲ್ಲ. ತಿದ್ದಿಕೊಳ್ಳಲು ಹೊರಟೆ.

ನನ್ನ ಬಳಿ ಆಗಲೇ ಒಂದು ಟ್ಯೂಬ್ ಪ್ರೀಆಂಪ್ ಇತ್ತು. ಗಿಟಾರಿಗೂ ಸ್ಪೀಕರಿಗೂ ನಡುವೆ ಕೂರುವ ಪುಟ್ಟ ಕಬ್ಬಿಣದ ಡಬ್ಬಿ. ಒಳಗೊಂದು ಗಾಜಿನ ಟ್ಯೂಬು ಊದುಬತ್ತಿಯ ತುದಿಯಂತೆ ಕೆಂಪಗೆ ಉರಿಯುತ್ತಿರುತ್ತದೆ. ಹಳೇ ಕಾಲದ ರೇಡಿಯೋದಲ್ಲಿ ಇರುತ್ತಿತ್ತಲ್ಲ, ಆ ಜಾತಿಯದು. ಮೆಲ್ಲಗೆ ನುಡಿಸಿದರೆ ಸದ್ದು ಜೇನಿನಂತೆ ಇಳಿಯುತ್ತದೆ, ಜೋರಾಗಿ ಮೀಟಿದರೆ ಕೂಗಿ ಕೂಗಿ ಗಂಟಲು ಕಟ್ಟಿದವರಂತೆ ಸ್ವಲ್ಪ ಒಡೆಯುತ್ತದೆ. ಅದು ಬಿಸಿಯಾಗುವವರೆಗೆ ಕಾಯಬೇಕು. “ನಿಮಗೆ ಸರಿಯಾದ ಜೋಡಿ, ಎರಡೂ ಟ್ಯೂಬ್‌ಲೈಟೇ” ಎಂದು ನನ್ನ ಹೆಂಡತಿ ವಸುಧಾ ಅದನ್ನು ನೋಡಿದ ದಿನವೇ ತೀರ್ಪು ಕೊಟ್ಟಿದ್ದಳು. ಏರಿಳಿತ ಸಮ ಮಾಡಲು ಈ ಟ್ಯೂಬಿನ ಜೊತೆಗೆ ಕಂಪ್ರೆಸರ್ ಎನ್ನುವ ಇನ್ನೊಂದು ಡಬ್ಬಿ ಬೇಕೆಂದು ಬಲ್ಲವರು ಹೇಳಿದರು.

ಕಂಪ್ರೆಸರ್ ಎಂದರೇನು ಎಂದು ವಿವರಿಸಲು ನಮ್ಮ ಕಾಲೇಜಿನ ವಿಚಾರಸಂಕಿರಣಗಳಿಗೆ ಬರುತ್ತಿದ್ದ ಒಬ್ಬ ಅಧ್ಯಕ್ಷರು ನನಗೆ ನೆನಪಾಗುತ್ತಾರೆ. ಗಂಟಲೆತ್ತಿ ಮಾತಾಡುವವರ ಮುಂದೆ ‘ಸಾಕು’ ಎಂಬ ಚೀಟಿ ಇಡುತ್ತಿದ್ದರು, ಪಿಸುಗುಟ್ಟುವವರ ಕಡೆಗೆ ಮೈಕ್ ಸರಿಸುತ್ತಿದ್ದರು. ಸಂಜೆಯ ಹೊತ್ತಿಗೆ ಎಲ್ಲರ ಪ್ರಬಂಧವೂ ಒಬ್ಬರೇ ಬರೆದಂತೆ ಕೇಳಿಸುತ್ತಿತ್ತು. ಅವರೇ ಕಂಪ್ರೆಸರ್. ಅಂಥವರನ್ನು ಒಂದು ಡಬ್ಬಿಯೊಳಗೆ ಕೂರಿಸಿ ಮಾರುತ್ತಾರೆ ಅಷ್ಟೆ.

ಆದರೆ ಅದನ್ನು ಟ್ಯೂಬಿಗಿಂತ ಮುಂಚೆ ಇಡಬೇಕೋ, ಆಮೇಲೋ? ಇಂಟರ್ನೆಟ್ಟಿನಲ್ಲಿ ಈ ಬಗ್ಗೆ ಎರಡು ಪಂಗಡಗಳಿವೆ. ಮುಂಚೆ ಇಟ್ಟರೆ ಟ್ಯೂಬಿಗೆ ಸದ್ದು ಒಂದೇ ಅಳತೆಯಲ್ಲಿ ಸಿಗುತ್ತದೆ, ಆದರೆ ಬೆರಳಿನ ಸಿಟ್ಟು ಅದನ್ನು ಮುಟ್ಟುವುದೇ ಇಲ್ಲ. ಆಮೇಲೆ ಇಟ್ಟರೆ ಟ್ಯೂಬು ಸಿಟ್ಟಾಗುತ್ತದೆ, ಅದನ್ನು ಕಂಪ್ರೆಸರ್ ಬಾಗಿಲಲ್ಲೇ ಹಿಡಿದು ಸಮಾಧಾನ ಮಾಡಿ ಹೊರಗೆ ಕಳಿಸುತ್ತದೆ. ಒಂದು ಶಾಸನದ ಕಾಲದ ವಿಷಯದಲ್ಲಿ ನಮ್ಮ ವಿಭಾಗದ ಇಬ್ಬರು ಹಿರಿಯರು ನಿವೃತ್ತಿಯವರೆಗೂ ಮಾತು ಬಿಟ್ಟಿದ್ದರು. ಈ ಪಂಗಡಗಳ ಮುಂದೆ ಅವರು ಅಣ್ಣತಮ್ಮಂದಿರು. ನಾನು ಯಾರ ಮನಸ್ಸನ್ನೂ ನೋಯಿಸದ ಮನುಷ್ಯನಾದ್ದರಿಂದ ಎರಡು ಕಂಪ್ರೆಸರ್ ತಂದೆ. ಮುಂಚೆ ಒಂದು, ಆಮೇಲೆ ಒಂದು, ನಡುವೆ ಟ್ಯೂಬು.

“ಏನ್ರೀ ಇದು?” ಎಂದಳು ವಸುಧಾ.

“ಕಂಪ್ರೆಸರು.”

“ದೀಪಾವಳಿಯಿಂದ ಫ್ರಿಜ್ಜು ಬೀರು ಆಗಿ ಕೂತಿದೆ. ಅದಕ್ಕೊಂದು ಕಂಪ್ರೆಸರ್ ಹಾಕ್ಸಿ ಅಂದ್ರೆ ಗಿಟಾರಿಗೆ ಎರಡು ತಂದಿದೀರಾ? ಹಾಲು ಇದರೊಳಗೆ ಇಡ್ಲಾ?”

ಎರಡು ಡಬ್ಬಿಗಳ ತಿರುಪುಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಮಳೆಗಾಲ ಕಳೆಯಿತು. ಮೊದಲನೆಯದು ಹೆಚ್ಚು ಅದುಮಿದರೆ ಟ್ಯೂಬು ನಿದ್ದೆ ಹೋಗುತ್ತಿತ್ತು, ಎರಡನೆಯದು ಹೆಚ್ಚಾದರೆ ಉಸಿರುಕಟ್ಟಿದವರು ನಿಟ್ಟುಸಿರು ಬಿಟ್ಟಂತೆ ಸದ್ದು ಉಬ್ಬಿ ಕುಸಿಯುತ್ತಿತ್ತು. ಕೊನೆಗೊಂದು ದಿನ ಎರಡೂ ಅರ್ಧರ್ಧ ಕೆಲಸ ಹಂಚಿಕೊಂಡವು. ನಾನು ಗುದ್ದಿದರೂ ಸವರಿದರೂ ಹೊರಗೆ ಒಂದೇ ಸಮ, ದುಂಡಗೆ, ಬೆಚ್ಚಗೆ. ನಾನೇ ಬೆರಗಾದೆ. ಒಳಗೆ ಏನಾದರೂ ಆಗುತ್ತಿರಲಿ, ಹೊರಗೆ ಇಸ್ತ್ರಿ ಮಾಡಿದ ಪಂಚೆ. ಇಷ್ಟು ದಿನ ಕಾಲೇಜಿನಲ್ಲಿ ಬರಿಗೈಲಿ ಮಾಡುತ್ತಿದ್ದ ಕೆಲಸಕ್ಕೆ ಯಂತ್ರ ಸಿಕ್ಕಿತ್ತು.

ಫರ್ನಿಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೊದಲ ಹಾಡು ಮುಗಿದಾಗ ಕ್ಲೆಮೆಂಟ್ ಕೀಬೋರ್ಡ್ ಬಿಟ್ಟು ಎದ್ದು ಬಂದ. “ಅಯ್ಯೋ ಸಾರ್, ಸೂಪರ್! ಸೀಡಿ ಥರಾ ಕೇಳ್ತಾ ಇದೆ!” ಬಸಣ್ಣ ತಲೆ ತೂಗಿ, “ಹಾಂ, ಈಗ ಪ್ರೈಮರ್ ಹೊಡದ ಗ್ವಾಡಿ ಆತು ನೋಡ್ರಿ” ಎಂದರು. ಎರಡನೇ ಹಾಡಿನಲ್ಲಿ ಅವರಿಗೆ ತೊಡಕಾಯಿತು. ಚರಣ ಮುಗಿಸಿದವರು ಪಲ್ಲವಿಗೆ ಬಾರದೆ ಸುಮ್ಮನೆ ನಿಂತರು. ಮೂರನೆಯದರಲ್ಲೂ ಹಾಗೇ.

“ಮಾಸ್ತರ, ಮೊದಲ ಚರಣ ಮುಗಿಯೂ ಹೊತ್ತಿಗೆ ಒಂದು ಗುದ್ದು ಕೊಡ್ತಿದ್ರಿ. ಅದನ್ನ ಕೇಳಿ ನಾ ವಾಪಸ್ ಬರ್ತಿದ್ದೆ. ಅದೆಲ್ಲಿ ಹೋತ್ರಿ?”

“ನಾನಾ? ಗುದ್ದಾ?” ನನಗೆ ಗೊತ್ತೇ ಇರಲಿಲ್ಲ. ಎಮ್ಮೆ ಒದ್ದಂತೆ ಎಂದು ಅವರು ದೂರಿದ್ದು ಅದೇ ಗುದ್ದನ್ನು. ದಾರಿ ಕಂಡುಕೊಳ್ಳುತ್ತಿದ್ದದ್ದೂ ಅದರಿಂದಲೇ. ಆ ಕ್ಷಣದಲ್ಲಿ ನಾನು ಎರಡೂ ಡಬ್ಬಿಗಳನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬೇಕಿತ್ತು. ಬದಲಿಗೆ, “ಅಲ್ಲಿ ಮಾತ್ರ ಎರಡೂ ಡಬ್ಬಿ ಆಫ್ ಮಾಡಿ ಗುದ್ದು ಕೊಡ್ತೀನಿ ಬಸಣ್ಣ” ಎಂದೆ. ಹೇಳಿದೆನಲ್ಲ, ತಿದ್ದಿಕೊಳ್ಳುವವನು.

ಅವತ್ತೇ ಇರಬೇಕು, ಅಥವಾ ಮುಂದಿನ ಭಾನುವಾರ, ಎಲ್ಲರೂ ಸಮೋಸ ತಿನ್ನುವಾಗ ಕ್ಲೆಮೆಂಟ್ ಪಕ್ಕಕ್ಕೆ ಬಂದು ಕೂತ.

“ಸಾರ್, ಒಂದೊಂದೇ ನೋಟ್ ಪ್ಲೇ ಮಾಡಿ ಸಾರ್. ರೆಕಾರ್ಡ್ ಮಾಡಿ ಇಟ್ಕೊತೀನಿ.”

“ಯಾಕಪ್ಪಾ?”

“ಸುಮ್ನೆ ಸಾರ್. ಇರ್ಲಿ ಅಂತ.”

‘ಇರಲಿ ಅಂತ’ ಎಂಬ ಎರಡು ಪದಗಳಿಗೆ ಇತಿಹಾಸದ ಮೇಷ್ಟ್ರೊಬ್ಬ ಹೇಗೆ ಕರಗುತ್ತಾನೆ ಎಂದು ಆ ಹುಡುಗನಿಗೆ ಗೊತ್ತಿರಲಾರದು. ನಮ್ಮ ಇಡೀ ವಿದ್ಯೆ ನಿಂತಿರುವುದು ಯಾರೋ ಯಾವಾಗಲೋ ‘ಇರಲಿ ಅಂತ’ ಕಲ್ಲಿನ ಮೇಲೆ ಕೆತ್ತಿಟ್ಟದ್ದರ ಮೇಲೆ. ನೆನಪನ್ನು ನಂಬಬೇಡಿ, ದಾಖಲೆ ಮಾಡಿ ಎಂದು ತರಗತಿಯಲ್ಲಿ ಬೋಧಿಸುವವನು ನಾನು. ಕೊನೆಗೂ ನನ್ನನ್ನೊಬ್ಬ ದಾಖಲೆ ಮಾಡುತ್ತಿದ್ದಾನೆ! ಕೂದಲು ಸರಿಮಾಡಿಕೊಂಡು ಕೂತೆ. ಸದ್ದು ಹಿಡಿಯುವುದಕ್ಕೆ ಕೂದಲು ಯಾಕೆ ಎಂದು ಈಗ ಅನ್ನಿಸುತ್ತದೆ. ನಾಲ್ಕು ತಂತಿಗಳಲ್ಲಿ ಇರುವ ಸ್ವರಗಳನ್ನೆಲ್ಲ ಒಂದೊಂದಾಗಿ, ಉದ್ದಕ್ಕೆ ಎಳೆದು ಕೊಟ್ಟೆ. “ಎಲ್ಲಾ ಸೇಮ್ ಲೆವೆಲ್ ಸಾರ್. ಮೊದ್ಲಿನ್ ಥರಾ ಇದ್ದಿದ್ರೆ ಎಡಿಟ್ ಮಾಡಿ ಸಾಯ್ಬೇಕಿತ್ತು” ಎಂದ. ಹೊಗಳಿಕೆ ಎಂದೇ ತಿಳಿದೆ. ಬಸಣ್ಣ ಸಮೋಸ ಮುಗಿಸಿ, “ಕ್ಲೆಮೆಂಟ, ಆ ಗುದ್ದೂ ಹಿಡದಿಡೋ” ಎಂದು ನೆನಪಿಸಿದರು. ಎರಡು ಕಂಪ್ರೆಸರನ್ನೂ ಆಫ್ ಮಾಡಿ ಅದನ್ನೂ ಕೊಟ್ಟೆ. ಒಂದೇ ಅಲ್ಲ, ಆರಿಸಿಕೊಳ್ಳಲು ಅನುಕೂಲವಾಗಲಿ ಎಂದು ಮೂರು ನಮೂನೆ. ಬರೀ ಗುದ್ದು, ಬೇಸರದ ಗುದ್ದು, ಸಿಟ್ಟಿನ ಗುದ್ದು. ಸಿಟ್ಟಿನದು ಚೆನ್ನಾಗಿ ಬರಲೆಂದು ನಮ್ಮ ಮುಖ್ಯಸ್ಥರನ್ನು ಮನಸ್ಸಿನಲ್ಲಿ ತಂದುಕೊಂಡೆ.

ಆಮೇಲೆ ಒಂದು ಕಾರ್ಯಕ್ರಮಕ್ಕೆ ಬಸಣ್ಣ ಫೋನ್ ಮಾಡಿ, “ಮಾಸ್ತರ, ಈ ಸರ್ತಿ ಸ್ಟೇಜು ಸಣ್ಣದದ, ನೀವು ಆರಾಮ ಮಾಡ್ರಿ” ಎಂದರು. ಇನ್ನೊಂದಕ್ಕೆ ಟೆಂಪೋದಲ್ಲಿ ಜಾಗವಿರಲಿಲ್ಲ. “ನಿಮ್ಮ ಆರೋಗ್ಯನೂ ನೋಡ್ಕೋಬೇಕಲ್ರಿ” ಎಂದದ್ದು ಮತ್ತೊಂದಕ್ಕೆ. ನನ್ನ ಆರೋಗ್ಯ ಚೆನ್ನಾಗಿಯೇ ಇತ್ತು. ವಸುಧಾ ತರಕಾರಿ ಹೆಚ್ಚುತ್ತಲೇ ಹೇಳಿದಳು: “ಸ್ಟೇಜು ಸಣ್ಣದಾಗಿಲ್ಲ ಕಣ್ರೀ. ನಿಮ್ಮನ್ನ ಬಿಟ್ರು.” “ಛೆ, ಬಸಣ್ಣ ಅಂಥವರಲ್ಲ” ಎಂದೆ. ಟ್ಯೂಬು ಇನ್ನೂ ಬಿಸಿಯಾಗುತ್ತಿತ್ತು.

ಹತ್ತಿದ್ದು ನವೆಂಬರಿನಲ್ಲಿ. ನಮ್ಮ ಬೀದಿಯ ಕೊನೆಯಲ್ಲೇ ಆಟೋ ಚಾಲಕರ ರಾಜ್ಯೋತ್ಸವ, ಅದಕ್ಕೆ ಬಸಣ್ಣನ ಆರ್ಕೆಸ್ಟ್ರಾ. ಸ್ಟೇಜು ಸಣ್ಣದೇನಲ್ಲ. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಹೋಗಬಾರದು ಎಂದುಕೊಂಡೇ ಹೋದೆ, ವಸುಧಾ ಜೊತೆಗೆ ಬಂದಳು. ಹಾಡು ಶುರುವಾಯಿತು. ನೆಲ ನಡುಗಿಸುವ ಸ್ಪೀಕರುಗಳಿಂದ ನಾನು ಹೊರಗೆ ಬಂದೆ. ಅನುಮಾನವೇ ಇಲ್ಲ, ಅದು ನಾನೇ. ದುಂಡಗೆ, ಬೆಚ್ಚಗೆ, ಒಂದೇ ಸಮ. ಅವತ್ತು ರೆಕಾರ್ಡ್ ಮಾಡಿಕೊಂಡ ನನ್ನ ಸ್ವರಗಳನ್ನು ಕ್ಲೆಮೆಂಟ್ ಕೀಬೋರ್ಡಿಗೆ ತುಂಬಿದ್ದ. ಅವನ ಬಲಗೈ ವಯೊಲಿನ್ನು, ಎಡಗೈ ನಾನು.

“ಇವತ್ತು ಬೇಸು ಎಷ್ಟು ಚೆನ್ನಾಗಿ ಕೇಳಿಸ್ತಾ ಇದೆ!” ಎಂದಳು ವಸುಧಾ. ಮದುವೆಯಾದ ಮೇಲೆ ನನ್ನ ವಾದನದ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು ಇದೇ ಎಂದು ನನ್ನ ನೆನಪು. ನೆನಪು ಸುಳ್ಳಾಗಿರಲಿ ಎಂದು ಆಸೆ. ಆಡಿದ ಮೇಲೆ ಅವಳಿಗೂ ಹೊಳೆದಿರಬೇಕು, ನನ್ನ ತೋಳು ಹಿಡಿದುಕೊಂಡಳು. ಚರಣ ಮುಗಿಯುತ್ತ ಬಂತು. ಬಸಣ್ಣ ಕಣ್ಣು ಮುಚ್ಚಿ ಕಾಯುತ್ತಿದ್ದರು. ಕ್ಲೆಮೆಂಟ್ ಎಡಗೈಯ ಕಿರುಬೆರಳಿನಿಂದ ನನ್ನ ಸಿಟ್ಟನ್ನು ಒತ್ತಿದ. ಬಸಣ್ಣ ಸುರಳೀತ ಪಲ್ಲವಿಗೆ ಬಂದರು. ಹಾಡಿನಿಂದ ಹಾಡಿಗೆ ಅದೇ ಸಿಟ್ಟು ಬರುತ್ತಿತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಮುಖ್ಯಸ್ಥರು ಪ್ರತಿ ಚರಣಕ್ಕೂ ಒಂದು ಪೆಟ್ಟು ತಿಂದರು. ಪಾಪ, ಅವರಿಗೂ ಗೊತ್ತಿಲ್ಲ. ಜನ ಶಿಳ್ಳೆ ಹೊಡೆದರು.

ನಡುವೆ ಸನ್ಮಾನಕ್ಕೆಂದು ಹಾಡು ನಿಂತಾಗ ಬಸಣ್ಣ ಕೆಳಗಿಳಿದರು. ಅವರಿಗೆ ಹೇಳಬೇಕಾದದ್ದನ್ನು ನಾನು ಅಷ್ಟರಲ್ಲಿ ಮನಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ. ಒಳ್ಳೆಯ ವಾಕ್ಯಗಳು, ಕೊನೆಯಲ್ಲೊಂದು ಚುಚ್ಚುಮಾತು. ಅವರು ನನ್ನನ್ನು ಕಂಡವರೇ ಎರಡೂ ಕೈ ಚಾಚಿ ಬಂದರು. ಆ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ.

“ಬರ್ರಿ ಬರ್ರಿ ಮಾಸ್ತರ! ಹ್ಯಾಂಗಿತ್ರಿ ಇವತ್ತ ನಿಮ್ಮ ಬೇಸು?”

ಬಾಯಿ ತೆರೆದೆ. “ಚೆನ್ನಾಗಿತ್ತು ಬಸಣ್ಣ” ಎಂದೆ. “ಈಗ ಮುಗಿದ ಹಾಡಿನ ಎರಡನೇ ಚರಣದಲ್ಲಿ ಮಾತ್ರ ತಾಳಕ್ಕಿಂತ ಸ್ವಲ್ಪ ಮುಂದೆ ಓಡಿಬಿಟ್ಟೆ, ಅಲ್ವಾ?”

ಬಸಣ್ಣ ಕ್ಷಣ ಯೋಚಿಸಿದರು. ದೊಡ್ಡ ಮನಸ್ಸು ಮಾಡಿ ನನ್ನ ಭುಜ ತಟ್ಟಿದರು. “ಏ, ಆಗ್ತದ ಬಿಡ್ರಿ. ಮುಂದಿನ ಸರ್ತಿ ನೋಡ್ಕೊಳ್ರಿ” ಎಂದು ಮತ್ತೆ ಸ್ಟೇಜು ಹತ್ತಿದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಗಿಟಾರ್ ತೆಗೆದು ಆ ಎರಡನೇ ಚರಣವನ್ನು ನಿಧಾನವಾಗಿ, ಮತ್ತೆ ಮತ್ತೆ ನುಡಿಸಿ ಅಭ್ಯಾಸ ಮಾಡಿದೆ. ಈಗ ಓಡುವುದಿಲ್ಲ.